ನಿಂತ ಕಾರಿಗೆ ಗುದ್ದಿ ಹೋದ್ರ ಪೊಲೀಸ್, ವಿಮೆ, ಕೋರ್ಟ್ – ಯಾವುದು ಮೊದಲು?

ಸೇಡಂ_ರೋಡ್
ಸೂಪರ್ ಮಾರ್ಕೆಟ್ ಕಡೆ ರೋಡಿನ ಅಂಚಿಗೆ ನಿಲ್ಲಿಸಿದ ಕಾರು, ಒಳಗ ಯಾರೂ ಇಲ್ಲ. ಗೂಡ್ಸ್ ಪಿಕಪ್ ರಿವರ್ಸ್ ಬಂದು ಹಿಂದಿನ ಎಡ ಮೂಲಿಗೆ ಹೊಡದದ. ಬಂಪರ್, ಟೇಲ್ ಲ್ಯಾಂಪ್ ಒಡದಾವ, ಡಿಕ್ಕಿ ಬಾಗಿಲು ಒಳಗ ಹೋಗ್ಯದ. ನಂಬರ್ ಸಿಕ್ಕದ, ಎದುರಿನ ಅಂಗಡಿ ಕ್ಯಾಮೆರಾದಾಗ ಬಂದದ. ಕಾರಿಗೆ ಮೂರೂವರೆ ವರ್ಷ, ಫುಲ್ ಇನ್ಶೂರೆನ್ಸ್, ಜೀರೋ ಡೆಪ್ (ಭಾಗದ ಸವಕಳಿ ಕಡಿಯದೇ ರೊಕ್ಕ ಕೊಡೋ ಆ್ಯಡ್-ಆನ್) ಇಲ್ಲ, ಎನ್‌ಸಿಬಿ (ಕ್ಲೈಮ್ ಮಾಡದಿದ್ದಕ್ಕ ಪ್ರೀಮಿಯಂನಾಗ ಸಿಗೋ ಬೋನಸ್) 35 ಪರ್ಸೆಂಟ್. ಗ್ಯಾರೇಜಿನ ಎಸ್ಟಿಮೇಟ್ 20,000. ಪಿಕಪ್ ಮಾಲೀಕರು 5,000 ಕೊಡ್ತೀನಿ, ಮುಗಸ್ರಿ ಅಂತಾರ. ಕಾನೂನಿನ ಪ್ರಕಾರ ಏನೇನು ದಾರಿ ಅವ, ಯಾವುದು ಲಾಭ? ತಿಳದವರು ಹೇಳ್ರಿ.

ಸರ್ವೆ_ರಿಪೋರ್ಟ್
ದಾರಿ ಆಮ್ಯಾಲ ಆರಿಸ್ರಿ. ಇವತ್ತ ಆ ಅಂಗಡಿಗೆ ಹೋಗಿ ಫೂಟೇಜ್ ತಗೋರಿ. ಡಿವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡೋ ಪೆಟ್ಟಿಗಿ) ಹಾರ್ಡ್ ಡಿಸ್ಕ್ ತುಂಬಿದ ಕೂಡ್ಲೆ ಹಳೇದರ ಮ್ಯಾಲ ಹೊಸದು ಬರಕೋತ ಹೋಗ್ತದ. ಸಣ್ಣ ಅಂಗಡಿ ಸೆಟ್ಟಿನಾಗ ವಾರ, ಹೆಚ್ಚಂದ್ರ ಹದಿನೈದು ದಿನ ಉಳೀತದ.

ಮಾನಿಟರ್ ಎದುರು ಮೊಬೈಲ್ ಹಿಡಿದು ವಿಡಿಯೋ ಮಾಡಿಕೊಂಡು ಬಂದ್ರ ಸಾಲಂಗಿಲ್ಲ. ವಾಟ್ಸಾಪಿನಾಗ ಕಳಿಸಿಕೊಂಡ್ರೂ ಫೈಲ್ ಹಿಂಡಿ ನಂಬರ್ ಪ್ಲೇಟ್ ಮಸಕಾಗ್ತದ. ಪೆನ್ ಡ್ರೈವ್ ಒಯ್ದು ಡಿವಿಆರಿನ ಬ್ಯಾಕಪ್ ಮೆನುದಾಗಿಂದ ಮೂಲ ಫೈಲ್ ತೆಗೀರಿ, ಗುದ್ದುವ ಹತ್ತು ನಿಮಿಷ ಮೊದಲಿಂದ ಹತ್ತು ನಿಮಿಷ ನಂತರದ ತನಕ. ಕೆಲವು ಡಿವಿಆರ್ ಫೈಲಿಗೆ ಅದರದೇ ಪ್ಲೇಯರ್ ಬೇಕು, ಅದನ್ನೂ ಕಾಪಿ ಮಾಡ್ರಿ. ಆಮ್ಯಾಲ ಡಿವಿಆರ್ ಪರದೆ ಮ್ಯಾಲಿನ ಗಡಿಯಾರ ಮತ್ತು ನಿಮ್ಮ ಮೊಬೈಲಿನ ಟೈಮು ಎರಡೂ ಒಂದೇ ಫೋಟೋದಾಗ ಬರೋ ಹಂಗ ಹೊಡ್ಕೊರಿ. ಅರ್ಧಕ್ಕರ್ಧ ಡಿವಿಆರ್ ಗಡಿಯಾರ ಸರಿ ಇರಂಗಿಲ್ಲ. ದೂರಿನಾಗ 11:20 ಅಂತ ಬರದು, ಫೂಟೇಜಿನಾಗ 10:52 ಕಂಡ್ರ ಎದುರಿನ ವಕೀಲರು ಅದನ್ನೇ ಹಿಡಿದು ಜಗ್ಗತಾರ.

ಕಾರಿನ ಫೋಟೋ ತೆಗಿಯುವಾಗ ನೆಲದಿಂದ ಪೆಟ್ಟಿನ ಎತ್ತರ ಕಾಣೋ ಹಂಗ ಟೇಪ್ ಹಿಡಿದು ಒಂದು ಹೊಡೀರಿ. ಪಿಕಪ್ಪಿನ ಹಿಂದಿನ ಡಾಲಾ ಅಂಚಿನ ಎತ್ತರಕ್ಕ ಅದು ಹೊಂದತದ. ಬಣ್ಣ ಹತ್ತಿಕೊಂಡಿದ್ರ ಒರಸಬ್ಯಾಡ್ರಿ.

ಕೋರ್ಟ್_ಕಟ್ಟೆ
ಫೂಟೇಜ್ ಬಗ್ಗೆ ಒಂದು ಸೇರಿಸುತ್ತೇನೆ. ನ್ಯಾಯಾಲಯದಲ್ಲಿ ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರ ಪ್ರಮಾಣಪತ್ರ ಬೇಕು. ಮೊದಲು 65ಬಿ ಎಂದು ಕರೆಯುತ್ತಿದ್ದದ್ದು ಇದೇ. ಈಗ ಅದಕ್ಕೆ ಎರಡು ಭಾಗ: ಒಂದನ್ನು ಸಾಧನ ಯಾರ ಸುಪರ್ದಿಯಲ್ಲಿದೆಯೋ ಅವರು, ಇನ್ನೊಂದನ್ನು ತಜ್ಞರು ತುಂಬಬೇಕು, ಫೈಲಿನ ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಗುರುತಿನ ಸಂಖ್ಯೆ) ಬರೆಯಬೇಕು. ಅಂಗಡಿಯವರು ‘ಕೋರ್ಟಿನ ತಕರಾರು ನಮಗ ಬ್ಯಾಡ್ರಿ’ ಎನ್ನುವುದು ಸಹಜ. ಅದಕ್ಕೇ ಪೊಲೀಸರಿಗೆ ಕೊಡುವ ಅರ್ಜಿಯಲ್ಲಿ ಅಂಗಡಿಯ ಜಾಗ, ಕ್ಯಾಮೆರಾದ ದಿಕ್ಕು, ಸಮಯ ಬರೆದು ‘ಸದರಿ ದೃಶ್ಯವನ್ನು ಜಪ್ತಿ ಮಾಡಿಕೊಳ್ಳಲು ಕೋರಿಕೆ’ ಎಂದು ಒಂದು ಸಾಲು ಹಾಕಿ.

ಇನ್ನು ಪೊಲೀಸ್ ಕಡೆಯದು. ಮೋಟಾರು ವಾಹನ ಕಾಯ್ದೆ 1988ರ ಕಲಂ 134 ಗಾಯವಾದಾಗ ಮಾತ್ರ ಅನ್ವಯಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಬೇರೆಯವರ ಆಸ್ತಿಗೆ ಹಾನಿಯಾದರೂ ಚಾಲಕ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ವರದಿ ಮಾಡಬೇಕು, ತನ್ನ ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕು. ತಪ್ಪಿದರೆ ಕಲಂ 187ರಡಿ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗುದ್ದಿ ಓಡಿ ಹೋದವರ ಮೇಲೆ ನೇರವಾಗಿ ಕೂರುವ ಕಲಂ ಇದು. ಅರ್ಜಿಯಲ್ಲಿ ಹೆಸರಿಸಿ.

ಭಾರತೀಯ ನ್ಯಾಯ ಸಂಹಿತೆಯ ಕಲಂ 281, ಅಂದರೆ ಹಳೆಯ 279, ಹಾಕಿಸಬೇಕೆಂದು ಹಠ ಹಿಡಿಯುವವರು ಎರಡು ಮಾತು ಯೋಚಿಸಿ. ಆ ಕಲಂಗೆ ಸಾರ್ವಜನಿಕ ದಾರಿಯಲ್ಲಿ ಮನುಷ್ಯರ ಜೀವಕ್ಕೆ ಅಪಾಯವಾಗುವಂತೆ ಅಥವಾ ಗಾಯವಾಗುವ ಸಂಭವವಿರುವಂತೆ ಓಡಿಸಿರಬೇಕು. ನಡೆಯುವ ವೇಗದಲ್ಲಿ ರಿವರ್ಸ್ ಬಂದು ತಾಗಿಸಿದ್ದು ಅದರೊಳಗೆ ಬರುತ್ತದೋ ಇಲ್ಲವೋ ಎಂದು ಠಾಣಾಧಿಕಾರಿ ಹಿಂದೆಮುಂದೆ ನೋಡುವುದರಲ್ಲಿ ಅರ್ಥವಿದೆ. ಎರಡನೆಯದು, 281 ರಾಜಿಯಾಗುವ ಅಪರಾಧವಲ್ಲ. ಎಫ್‌ಐಆರ್ ಆದ ಮೇಲೆ ನೀವಿಬ್ಬರೂ ಕೈ ಕುಲುಕಿದರೂ ಕೇಸು ನಡೆಯುತ್ತದೆ. ಆರೋಪಿ ತಪ್ಪೊಪ್ಪಿಕೊಂಡು ದಂಡ ಕಟ್ಟಬೇಕು, ಇಲ್ಲವೆ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಿ ರದ್ದು ಮಾಡಿಸಬೇಕು. ಹಾಗಾಗಿ ಮಾತುಕತೆಗೆ ನಿಮಗಿರುವ ಬಲ ಎಫ್‌ಐಆರ್‌ಗೆ ಮೊದಲು ಹೆಚ್ಚು, ನಂತರ ಕಡಿಮೆ.

‘ಲುಕ್ಸಾನು’, ಅಂದರೆ ಕಲಂ 324ರ ಕಿಡಿಗೇಡಿತನ, ಬೇಕೆಂದೇ ಅಥವಾ ಹಾನಿಯಾಗುತ್ತದೆಂದು ತಿಳಿದೇ ಮಾಡಿದಾಗ ಮಾತ್ರ. ಪಾರ್ಕಿಂಗ್ ಜಗಳದಲ್ಲಿ ಕೀಲಿಯಿಂದ ಗೀರಿದರೆ, ಕಲ್ಲು ಎಸೆದರೆ ಅದು. ಅಜಾಗರೂಕತೆಗೆ ಅದು ಬರುವುದಿಲ್ಲ.

ಸೇಡಂ_ರೋಡ್
ವಕೀಲ ಸಾಹೇಬ್ರ, ಠಾಣೆದಾಗ ಅರ್ಜಿನೇ ತಗೊಳ್ಳಿಲ್ಲಂದ್ರ?

ಕೋರ್ಟ್_ಕಟ್ಟೆ
112ಕ್ಕೆ ಕರೆ ಮಾಡಿದ್ದರೆ ಅದರ ಸಂಖ್ಯೆ ನಿಮ್ಮ ಬಳಿ ಇರುತ್ತದೆ, ಮೊದಲ ದಾಖಲೆ ಅದೇ. ಲಿಖಿತ ಅರ್ಜಿ ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿ. ಇದು ಅಸಂಜ್ಞೇಯ ಅಪರಾಧ (ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲದ್ದು) ಎಂದು ಠಾಣೆಯವರು ಹೇಳಿದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 174ರಂತೆ ಎನ್‌ಸಿ, ಅಂದರೆ ಅಸಂಜ್ಞೇಯ ದೂರು, ದಾಖಲಿಸಿ ನಿಮಗೆ ತಿಳಿಸಬೇಕು. ಸಂಜ್ಞೇಯ ಅಪರಾಧವನ್ನೂ ದಾಖಲಿಸದಿದ್ದರೆ 173(4)ರಂತೆ ಅಂಚೆಯಲ್ಲಿ ಜಿಲ್ಲೆಯ ಎಸ್‌ಪಿಗೆ, ಕಮಿಷನರೇಟ್ ಇರುವ ಕಲಬುರಗಿ ನಗರದಲ್ಲಿ ಆ ದರ್ಜೆಯ ಅಧಿಕಾರಿಗೆ ಕಳಿಸಬೇಕು. ನಂತರ ಮ್ಯಾಜಿಸ್ಟ್ರೇಟ್. 20,000 ರೂಪಾಯಿ ಕೆಲಸಕ್ಕೆ ಅಲ್ಲಿಯವರೆಗೆ ಹೋಗುವುದು ನನ್ನ ದೃಷ್ಟಿಯಲ್ಲಿ ಹುಚ್ಚು.

ಟಿಂಕರ್_ಕಾಕಾ
20,000 ಎಸ್ಟಿಮೇಟ್ ಬಂಪರ್ ಬಿಚ್ಚಿ ಮಾಡಿದ್ದೋ, ಹೊರಗಿಂದ ನೋಡಿ ಬರದಿದ್ದೋ ಕೇಳ್ರಿ. ಮೂಲಿ ಪೆಟ್ಟಿನಾಗ ಪ್ಲಾಸ್ಟಿಕ್ ಬಂಪರ್ ಒಳಗ ಹೋಗಿ ಮತ್ತ ಹೊರಗ ಬರ್ತದ, ಸುಳ್ಳ ಹೇಳ್ತದ ಅದು. ಒಳಗಿನ ಬ್ರಾಕೆಟ್ ಮುರದಿರ್ತದ, ಅದರ ಹಿಂದಿನ ಕಬ್ಬಿಣದ ಪಟ್ಟಿ ಮಣದಿರ್ತದ, ಪಾರ್ಕಿಂಗ್ ಸೆನ್ಸರ್ ವೈರ್ ಕಿತ್ತಿರ್ತದ. ಡಿಕ್ಕಿ ಬಾಗಿಲು ಮತ್ತು ಪಕ್ಕದ ಕ್ವಾರ್ಟರ್ ಪ್ಯಾನೆಲ್ ನಡುವಿನ ಸಂದು ಮ್ಯಾಲಿಂದ ಕೆಳಗಿನ ತನಕ ಒಂದೇ ಸಮ ಅದನೋ ನೋಡ್ರಿ. ಮ್ಯಾಲ ಬೆರಳು ಹೋಗಿ ಕೆಳಗ ಹೋಗಲಿಲ್ಲಂದ್ರ ಪ್ಯಾನೆಲ್ ಸರದದ. ಆ ಪ್ಯಾನೆಲ್ ಬೋಲ್ಟಿಂದಲ್ಲ, ಬಾಡಿಗೆ ವೆಲ್ಡಿಂಗ್ ಆಗಿರ್ತದ. ಕತ್ತರಿಸಿ ಹಾಕೋ ಕೆಲಸ ಬಂತಂದ್ರ ಲೆಕ್ಕಾನೇ ಬ್ಯಾರೆ.

ಇನ್ನೊಂದು, ಗೇರಿನಾಗ ನಿಂತ ಗಾಡಿಗೆ ಹಿಂದಿಂದ ಜೋರ್ ಬಿದ್ರ, ಅದರಾಗೂ ಆಟೋಮ್ಯಾಟಿಕ್ ‘ಪಿ’ದಾಗ ನಿಂತಿದ್ರ, ಪೆಟ್ಟು ಗೇರ್‌ಬಾಕ್ಸಿನ ಪಾರ್ಕಿಂಗ್ ಕೊಂಡಿ ಮ್ಯಾಲ ಹೋಗ್ತದ. ಚಕ್ರ ಗಟಾರದ ಕಲ್ಲಿಗೆ ತಾಗಿದ್ರ ಅಲೈನ್‌ಮೆಂಟ್ ನೋಡಿಸ್ರಿ. ಬಿಚ್ಚಿ ನೋಡೋ ತನಕ ಯಾರ ಜೋಡಿನೂ ರೊಕ್ಕದ ಮಾತು ಮುಗಸಬ್ಯಾಡ್ರಿ.

ಸರ್ವೆ_ರಿಪೋರ್ಟ್
ಕಾಕಾ ಹೇಳಿದ್ದು ಖರೇ, ಆದ್ರ ವಿಮೆಗೆ ಹೋಗೋರು ಸರ್ವೇಯರ್ ಬರೋಕಿಂತ ಮೊದಲು ಬಿಚ್ಚಬ್ಯಾಡ್ರಿ. ಮೊದಲ ಸರ್ವೆ ಗಾಡಿ ಇದ್ದಂಗ, ಬಿಚ್ಚಿದ ಮ್ಯಾಲ ಎರಡನೇದು. ಒಳಗ ಕಂಡ ಹಾನಿಗೆ ಗ್ಯಾರೇಜಿನವರು ಸಪ್ಲಿಮೆಂಟರಿ ಎಸ್ಟಿಮೇಟ್ ಕೊಡ್ತಾರ. ರಿಪೇರಿ ಮುಗಿಸಿ ಬಿಲ್ ಮಾತ್ರ ಒಯ್ದ್ರ ಅಲ್ಲಿಗೇ ಕ್ಲೈಮ್ ಸಿಗಿಬಿತ್ತು.

ಈಗ ಲೆಕ್ಕ. ಜೀರೋ ಡೆಪ್ ಇಲ್ಲದ ಪಾಲಿಸಿ. ಬಂಪರ್ 4,000, ಟೇಲ್ ಲ್ಯಾಂಪ್ 5,000, ಡಿಕ್ಕಿ ಬಾಗಿಲು ಬಡಿದು ಎತ್ತೋ ಮಜೂರಿ 3,000, ಪೇಂಟ್ 8,000 ಅಂತ ಇಟ್ಕೊಳ್ಳೋಣ, ಒಟ್ಟು 20,000. ಪ್ಲಾಸ್ಟಿಕ್ ಭಾಗಕ್ಕ ಗಾಡಿ ವಯಸ್ಸು ಎಷ್ಟೇ ಇದ್ರೂ 50 ಪರ್ಸೆಂಟ್ ಸವಕಳಿ. ಬಂಪರಿನಾಗ 2,000 ಹೋತು, ಲ್ಯಾಂಪಿನಾಗ 2,500 ಹೋತು. ಪೇಂಟ್ ಬಿಲ್ಲಿನಾಗ 25 ಪರ್ಸೆಂಟ್ ಬಣ್ಣದ ಸಾಮಾನು ಅಂತ ಹಿಡಿದು ಅದರ ಅರ್ಧ ಕಡೀತಾರ, ಅಂದ್ರ 1,000. ಮಜೂರಿ ಪೂರ್ತಿ ಸಿಗ್ತದ. 1500 ಸಿಸಿ ತನಕದ ಕಾರಿಗೆ ಕಡ್ಡಾಯ ಕಡಿತ 1,000. ಕೈಗೆ ಬರೋದು 13,500, ನಿಮ್ಮ ಕಿಸೆದಿಂದ 6,500.

ಇದು ಕಾಣೋ ಖರ್ಚು. ಎನ್‌ಸಿಬಿ ಖರ್ಚು ಯಾರೂ ಲೆಕ್ಕ ಹಾಕಂಗಿಲ್ಲ. ಬೋನಸ್ 20, 25, 35, 45, 50 ಹಿಂಗ ಏರ್ತದ, ಒಂದು ಕ್ಲೈಮಿಗೆ ಸೊನ್ನೆಗೆ ಬೀಳ್ತದ. ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ (ಸ್ವಂತ ಗಾಡಿ ಹಾನಿಗೆ ಕಟ್ಟೋ ಪಾಲು) ಬೋನಸ್ ಕಳೆಯೋಕಿಂತ ಮೊದಲು 9,000 ಅಂತ ಇಟ್ಕೊರಿ. ಕ್ಲೈಮ್ ಮಾಡದಿದ್ರ ಮುಂದಿನ ವರ್ಷ 45 ಪರ್ಸೆಂಟ್ ಕಳದು 4,950. ಮಾಡಿದ್ರ ಪೂರ್ತಿ 9,000. ಅಲ್ಲಿಗೆ 4,050 ಹೋತು. ಅದರ ಮರುವರ್ಷ 50ರ ಬದಲಿ 20, ನಷ್ಟ 2,700. ಆಮ್ಯಾಲ 2,250, 1,350, 450. ಐದು ವರ್ಷಕ್ಕ 10,800. ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ ಸೇರಿದ್ರ 12,744. ವಿಮೆಯಿಂದ ಬಂದ 13,500ರಾಗ ಉಳಿಯೋದು 756 ರೂಪಾಯಿ! ಗ್ಯಾರೇಜಿಗೆ ನಾಲ್ಕು ಸಲ ಅಡ್ಡಾಡಿದ ಪೆಟ್ರೋಲಿಗೂ ಸಾಲಂಗಿಲ್ಲ.

ಭೀಮಾ_ದಂಡೆ
ಸ್ವಲ್ಪ ತಿದ್ದತೀನಿ ಅಣ್ಣಾರ. ಐಡಿವಿ (ಪಾಲಿಸಿದಾಗ ಗಾಡಿಗೆ ಹಿಡಿದ ಬೆಲೆ) ವರ್ಷಾ ಇಳೀತದ, ಅದರ ಜೋಡಿ ಆ 9,000 ಕೂಡ ಇಳೀತದ. ಐದು ವರ್ಷದ ನಷ್ಟ ಖರೇ ನೋಡಿದ್ರ ಇನ್ನಾ ಕಮ್ಮಿ. ಎನ್‌ಸಿಬಿ ಪ್ರೊಟೆಕ್ಟ್ ಆ್ಯಡ್-ಆನ್ ಇದ್ರಂತೂ ಲೆಕ್ಕ ಪೂರಾ ತಿರುಗ್ತದ.

ಸರ್ವೆ_ರಿಪೋರ್ಟ್
ಒಪ್ಪಿದೆ. ಆದ್ರ ಎನ್‌ಸಿಬಿ ಗಾಡಿದಲ್ಲ, ಮಾಲೀಕರದು. ನಾಳೆ ಈ ಕಾರು ಮಾರಿ ಹೊಸಾದು ತಗೊಂಡ್ರ ಬೋನಸ್ ಹೊಸ ಕಾರಿಗೆ ಹೋಗ್ತದ, ಅಲ್ಲಿ 9,000 ಅಲ್ಲ, ಮೂರು ಪಟ್ಟು ಪ್ರೀಮಿಯಂ ಮ್ಯಾಲ ಹತ್ತತದ. ಅದಕ್ಕ ಹೊಸ ಕಾರಿನ ವಿಚಾರ ಇದ್ದೋರು ಸಣ್ಣ ಕ್ಲೈಮ್ ಮಾಡಬ್ಯಾಡ್ರಿ. ಕ್ವಾರ್ಟರ್ ಪ್ಯಾನೆಲ್ ಹೋಗಿ 60–70 ಸಾವಿರಕ್ಕ ಬಂದ್ರ ಕಣ್ಣು ಮುಚ್ಚಿ ವಿಮೆಗೆ ಹೋಗ್ರಿ.

ಫಾರ್ಮ್ ತುಂಬೋದ್ರಾಗ ಒಂದು ತಪ್ಪು ಬಹಳ ಆಗ್ತದ. ‘ಅಪಘಾತದ ಹೊತ್ತಿನ ಚಾಲಕ’ ಅನ್ನೋ ಜಾಗದಾಗ ಏಜೆಂಟರು ಮಾಲೀಕರ ಹೆಸರು ಬರೀತಾರ. ಗಾಡಿ ನಿಂತಿತ್ತು, ಚಾಲಕ ಯಾರೂ ಇರಲಿಲ್ಲ. ಹಂಗೇ ಬರೀರಿ. ಇಲ್ಲಂದ್ರ ಲೈಸೆನ್ಸ್ ಮುಗದಿತ್ತಂತ, ಹೇಳಿಕೆ ಫೂಟೇಜಿಗೆ ಹೊಂದಂಗಿಲ್ಲಂತ ಇಲ್ಲದ ತಂಟೆ ಶುರು ಆಗ್ತದ. ತಿಳಿಸೋದು ಒಂದೆರಡು ದಿನ ತಡ ಆದ್ರ ಅದೊಂದೇ ಕಾರಣಕ್ಕ ಖರೇ ಕ್ಲೈಮ್ ತಳ್ಳಬಾರದು ಅಂತ ವಿಮಾ ನಿಯಂತ್ರಣ ಪ್ರಾಧಿಕಾರದ 2011ರ ಸುತ್ತೋಲೆ ಅದ. ಅಂದ್ರೂ ಅದೇ ದಿನ ತಿಳಿಸೋದು ಛಲೋ.

ಬೀದರ್_ಬಾಗಿಲು
ನಮ್ಮ ಕಡೆ ಅರ್ಧ ಗಾಡಿ ಟಿಜಿ, ಎಂಎಚ್ ಪಾಸಿಂಗ್. ಜಹೀರಾಬಾದಿನವರು, ಲಾತೂರಿನವರು ಗುದ್ದಿ ಹೋದ್ರ ಅಲ್ಲಿಗೇ ಹೋಗಿ ಕೇಸ್ ಹಾಕಬೇಕೇನ್ರಿ? ನಂಬರ್ ಸಿಗದೇ ಹೋದ್ರ ಹಿಟ್ ಆ್ಯಂಡ್ ರನ್ ಪರಿಹಾರ ಬರ್ತದೇನು?

ಕೋರ್ಟ್_ಕಟ್ಟೆ
ಎರಡನೆಯದಕ್ಕೆ ಮೊದಲು: ಬರುವುದಿಲ್ಲ. ಹಿಟ್ ಆ್ಯಂಡ್ ರನ್ ಯೋಜನೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಕೊಡುತ್ತದೆ. ಕಾರಿನ ತಗಡಿಗೆ ಏನೂ ಇಲ್ಲ. ನಂಬರ್ ಸಿಗದಿದ್ದರೆ ಉಳಿಯುವುದು ನಿಮ್ಮದೇ ವಿಮೆ.

ಮೊದಲನೆಯದಕ್ಕೆ, ಹೋಗಬೇಕಿಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ಅಂದರೆ ಎಂಎಸಿಟಿ, ಸಾವು-ನೋವಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ಮೋಟಾರು ವಾಹನ ಕಾಯ್ದೆಯ ಕಲಂ 165, 166ರಂತೆ ಆಸ್ತಿಯ ಮಾಲೀಕರೂ ಅರ್ಜಿ ಹಾಕಬಹುದು. ಅಪಘಾತ ನಡೆದ ಊರು, ನೀವು ವಾಸಿಸುವ ಅಥವಾ ವ್ಯವಹರಿಸುವ ಊರು, ಎದುರಾಳಿ ವಾಸಿಸುವ ಊರು, ಇವುಗಳಲ್ಲಿ ಯಾವುದಾದರೂ ಸರಿ. ಬೀದರಿನವರು ಬೀದರಿನಲ್ಲೇ ಹಾಕಿ, ಲಾತೂರಿನ ಮಾಲೀಕರು ಇಲ್ಲಿಗೆ ಬರಲಿ. ಹಾನಿ 2,000 ರೂಪಾಯಿ ಮೀರಿದ್ದರೆ ಸಿವಿಲ್ ನ್ಯಾಯಾಲಯವನ್ನೂ ಆರಿಸಿಕೊಳ್ಳಬಹುದು. ಎಂಎಸಿಟಿಗೆ ಅಪಘಾತದ ದಿನದಿಂದ ಆರು ತಿಂಗಳು ಎಂಬ ಗಡುವು 2022ರ ಏಪ್ರಿಲ್ 1ರಿಂದ ಕಾಯ್ದೆಯಲ್ಲಿದೆ. ನೋಟಿಸ್ ಕಳಿಸಿ ಉತ್ತರಕ್ಕೆ ಕಾಯುತ್ತ ಅದನ್ನು ದಾಟಿಸಬೇಡಿ.

ಅರ್ಜಿಯಲ್ಲಿ ಚಾಲಕ, ಆರ್‌ಸಿಯಲ್ಲಿರುವ ಮಾಲೀಕ, ವಿಮಾ ಕಂಪನಿ ಮೂವರನ್ನೂ ಎದುರುದಾರರನ್ನಾಗಿ ಮಾಡಿ. ‘ಆ ಗಾಡಿ ಮಾರಿ ವರ್ಷ ಆತು’ ಎಂಬ ಮಾತಿಗೆ ಬೆಲೆಯಿಲ್ಲ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ವಿಮೆ ಯಾವ ದಿನದವರೆಗೆ ಇದೆ ಎಂದು ಗೊತ್ತಾಗುತ್ತದೆ. ಮಾಲೀಕರ ಪೂರ್ತಿ ಹೆಸರು ಕಾಣುವುದಿಲ್ಲ, ಅದಕ್ಕೆ ಪೊಲೀಸ್ ದಾಖಲೆ ಬೇಕು.

ಸರ್ವೆ_ರಿಪೋರ್ಟ್
ಎದುರಿನವರ ವಿಮೆ ಆಸ್ತಿ ಹಾನಿಗೆ ಎಷ್ಟು ತುಂಬತದ ಅಂತ ಅವರ ಪಾಲಿಸಿ ಪ್ರತಿ ಸಿಕ್ಕ ಕೂಡ್ಲೆ ನೋಡ್ರಿ. ಕಾರು, ಗೂಡ್ಸ್ ಗಾಡಿಗೆ ಸಾಮಾನ್ಯವಾಗಿ 7.5 ಲಕ್ಷ, ಬೈಕಿಗೆ 1 ಲಕ್ಷ. ಆದ್ರ ಒಂದಿಷ್ಟು ಪ್ರೀಮಿಯಂ ಉಳಸಾಕ ಅದನ್ನ 6,000ಕ್ಕ ಇಳಿಸಿಕೊಂಡಿರ್ತಾರ. ಹಂಗಿದ್ರ 6,000 ವಿಮಾ ಕಂಪನಿದು, ಉಳಿದಿದ್ದು ಮಾಲೀಕರ ಕಿಸೆದಿಂದಾನೇ ಬರಬೇಕು.

ಎಂಎಸಿಟಿಗೆ ಹೋಗೋರು ರಿಪೇರಿಗೆ ಮೊದಲೇ ಲೈಸೆನ್ಸ್ ಇರೋ ಖಾಸಗಿ ಸರ್ವೇಯರ್ ಕಡೆಯಿಂದ ಹಾನಿ ವರದಿ ಮಾಡಿಸಿಕೊರಿ. ಬರೀ ಗ್ಯಾರೇಜ್ ಬಿಲ್ ಮ್ಯಾಲ ಕೇಸ್ ನಿಲ್ಲಂಗಿಲ್ಲ. ಜಿಎಸ್‌ಟಿ ಇರೋ ಬಿಲ್, ರೊಕ್ಕ ಕೊಟ್ಟ ರಸೀದಿ, ಬಿಚ್ಚಿದ ಹಳೇ ಭಾಗದ ಫೋಟೋ, ಪಂಚನಾಮೆ, ಆರ್‌ಟಿಒ ಇನ್‌ಸ್ಪೆಕ್ಟರ್ ವರದಿ ಇದ್ರ ಅದೂ.

ಭೀಮಾ_ದಂಡೆ
ಟ್ರ್ಯಾಕ್ಟರ್ ಗುದ್ದಿದ್ರ? ತೊಗರಿ ಸುಗ್ಗ್ಯಾಗ ಯಾದಗಿರಿ ರೋಡಿನಾಗ ಅವೇ ಹೆಚ್ಚು, ಹಿಂದಿನ ಟ್ರಾಲಿಗೆ ನಂಬರೇ ಇರಂಗಿಲ್ಲ. ಮತ್ತ ಸರಕಾರಿ ಬಸ್ ಆದ್ರ?

ಕೋರ್ಟ್_ಕಟ್ಟೆ
ಇಂಜಿನ್ನಿನ ನಂಬರ್, ಟ್ರಾಲಿಯ ನಂಬರ್ ಎರಡೂ ಬರೆದುಕೊಳ್ಳಿ. ಇಂಜಿನ್ನಿಗೆ ವಿಮೆ ಇದ್ದು ಟ್ರಾಲಿಗೆ ಪ್ರೀಮಿಯಂ ಕಟ್ಟಿಲ್ಲವಾದರೆ ಕಂಪನಿ ತಕರಾರು ತೆಗೆಯುತ್ತದೆ. ಬಡಿದದ್ದು ಯಾವ ಭಾಗ ಎಂಬುದು ಆಗ ಮುಖ್ಯವಾಗುತ್ತದೆ, ಫೋಟೋದಲ್ಲಿ ಅದು ಕಾಣಲಿ. ವಿಮೆ ಇಲ್ಲದೆ ಓಡಿಸಿದ್ದಕ್ಕೆ ಕಲಂ 196ರಡಿ ಮೊದಲ ಸಲ 2,000 ದಂಡ ಅಥವಾ ಮೂರು ತಿಂಗಳವರೆಗೆ ಸಜೆ, ಅದು ಸರಕಾರಕ್ಕೆ ಹೋಗುವ ದಂಡ, ನಿಮಗಲ್ಲ. ನಿಮ್ಮ ಪರಿಹಾರ ಮಾಲೀಕರಿಂದಲೇ. ಆದೇಶವಾದ ಮೇಲೂ ಕೊಡದಿದ್ದರೆ ಮೋಟಾರು ವಾಹನ ಕಾಯ್ದೆಯ ಕಲಂ 174ರಡಿ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸುತ್ತದೆ, ಭೂಕಂದಾಯದ ಬಾಕಿಯಂತೆ ವಸೂಲಿ ಆಗುತ್ತದೆ. ಹೊಲ ಇರುವವರಿಗೆ ಈ ಮಾತು ಬೇಗ ತಲುಪುತ್ತದೆ.

ಸಾರಿಗೆ ಸಂಸ್ಥೆಗಳಿಗೆ ಸ್ವಂತ ನಿಧಿ ಇಟ್ಟುಕೊಂಡು ವಿಮೆಯಿಂದ ವಿನಾಯಿತಿ ಪಡೆಯಲು ಕಾಯ್ದೆಯಲ್ಲೇ ಅವಕಾಶವಿದೆ. ಬಸ್ಸಿನ ವಿಮಾ ಕಂಪನಿ ಹುಡುಕುತ್ತ ಕೂರದೆ ಸಂಸ್ಥೆಯನ್ನೇ ಎದುರುದಾರರನ್ನಾಗಿ ಮಾಡಿ. ಬಸ್ಸಿನ ನಂಬರ್ ಜೊತೆಗೆ ಡಿಪೋ ಹೆಸರು, ಮಾರ್ಗ, ಸಮಯ ಬರೆದಿಡಿ.

ಓಡಿಸಿದ್ದು 18 ತುಂಬದ ಹುಡುಗನಾದರೆ ಕಲಂ 199ಎ ಪಾಲಕರ ಅಥವಾ ಮಾಲೀಕರ ಮೇಲೆ ಬರುತ್ತದೆ: ಮೂರು ವರ್ಷದವರೆಗೆ ಸಜೆ, 25,000 ದಂಡ, ವಾಹನದ ನೋಂದಣಿ 12 ತಿಂಗಳು ರದ್ದು. ಅಂಥ ಕಡೆ ರಾಜಿ ಅರ್ಧ ಗಂಟೆಯಲ್ಲಿ ಆಗುತ್ತದೆ, ಯಾಕೆಂದು ಹೇಳಬೇಕಿಲ್ಲ.

ಟಿಂಕರ್_ಕಾಕಾ
ನೋ ಪಾರ್ಕಿಂಗಿನಾಗ ನಿಲ್ಲಿಸಿದ್ರ ಏನೂ ಸಿಗಂಗಿಲ್ಲ ಅಂತಾರಲ್ರಿ, ಖರೇನು?

ಕೋರ್ಟ್_ಕಟ್ಟೆ
ಪೂರ್ತಿ ಖರೆ ಅಲ್ಲ. ದಂಡ ಬೇರೆ, ಪರಿಹಾರ ಬೇರೆ. ತಪ್ಪು ಜಾಗದಲ್ಲಿ ನಿಂತ ಕಾರಿಗೆ ಗುದ್ದುವ ಹಕ್ಕು ಯಾರಿಗೂ ಇಲ್ಲ. ಆದರೆ ತಿರುವಿನಲ್ಲಿ, ಕತ್ತಲೆಯಲ್ಲಿ, ಅರ್ಧ ರಸ್ತೆಗೆ ನಿಲ್ಲಿಸಿದ್ದರೆ ನಿಮ್ಮ ಪಾಲಿನ ನಿರ್ಲಕ್ಷ್ಯ ಎಂದು ಒಂದು ಭಾಗ ಕಡಿಯುತ್ತಾರೆ. ಹಗಲು ಹೊತ್ತು ರಿವರ್ಸ್ ಬಂದವರಿಗೆ ಆ ವಾದ ಹೆಚ್ಚು ಸಿಗುವುದಿಲ್ಲ.

ಹಣ ಕೊಟ್ಟು ನಿಲ್ಲಿಸುವ ಜಾಗದ ಚೀಟಿಯಲ್ಲಿ ‘ಮಾಲೀಕರದೇ ಜವಾಬ್ದಾರಿ’ ಎಂದು ಅಚ್ಚು ಹಾಕಿರುತ್ತಾರೆ. ಕೀಲಿ ಅವರ ಕೈಗೆ ಕೊಟ್ಟಿದ್ದರೆ ಆ ಸಾಲು ಅವರನ್ನು ಕಾಯುವುದಿಲ್ಲ. ಹೋಟೆಲ್ ವ್ಯಾಲೆಯಿಂದ ಕಾರು ಕಳುವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೀಗೆಂದಿದೆ. ಅಂಥದ್ದು ಜಿಲ್ಲಾ ಗ್ರಾಹಕ ಆಯೋಗಕ್ಕೆ: ಎರಡು ವರ್ಷದೊಳಗೆ, ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ನಿಮ್ಮದೇ ವಿಮಾ ಕಂಪನಿ ಸತಾಯಿಸಿದರೂ ಅಲ್ಲಿಗೇ, ಇಲ್ಲವೆ ವಿಮಾ ಒಂಬುಡ್ಸ್‌ಮನ್‌ಗೆ. ಎದುರಿನವರ ವಿಮಾ ಕಂಪನಿಯ ಮೇಲೆ ಮಾತ್ರ ಗ್ರಾಹಕ ಆಯೋಗಕ್ಕೆ ಹೋಗಬೇಡಿ, ನೀವು ಅವರ ಗ್ರಾಹಕರಲ್ಲ.

ಸೇಡಂ_ರೋಡ್
ಅಂದ್ರ 20,000ದ ಕೆಲಸಕ್ಕ ರಾಜಿನೇ ಛಲೋ ಅನಸ್ತದ. 5,000ಕ್ಕಂತೂ ಅಲ್ಲ. ಕಾಗದ ಹೆಂಗ ಬರೀಬೇಕು?

ಕೋರ್ಟ್_ಕಟ್ಟೆ
ಅವರ ಮುಂದೆ ಈ ಲೆಕ್ಕ ಇಡಿ: ಅವರದೇ ವಿಮೆ ಇದೆ, 134ರ ಪ್ರಕಾರ ಅವರು ತಮ್ಮ ಕಂಪನಿಗೆ ತಿಳಿಸಲೇಬೇಕು, ಎಂಎಸಿಟಿಗೆ ಹೋದರೆ ಪಿಕಪ್ಪಿನ ಫಿಟ್ನೆಸ್, ಪರ್ಮಿಟ್, ಚಾಲಕನ ಲೈಸೆನ್ಸ್ ಎಲ್ಲ ಹೊರಗೆ ಬರುತ್ತದೆ. ಒಪ್ಪದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಗೆ ಮುಂಚಿನ ಪ್ರಕರಣವಾಗಿ ಅರ್ಜಿ ಕೊಡಿ, ಶುಲ್ಕವಿಲ್ಲ. ಲೋಕ ಅದಾಲತ್ತಿನಲ್ಲಿ ಒಪ್ಪಂದವಾದರೆ ಅದಕ್ಕೆ ಡಿಕ್ರಿಯ ಬಲ ಇರುತ್ತದೆ, ಮೇಲ್ಮನವಿ ಇಲ್ಲ.

ಕಾಗದದಲ್ಲಿ ದಿನಾಂಕ, ಸಮಯ, ಜಾಗ, ಎರಡೂ ನಂಬರ್ ಬರಲಿ. ನಂತರ ಹೀಗೆ: ‘ನಿಲ್ಲಿಸಿದ್ದ ಕಾರಿಗೆ ನನ್ನ ವಾಹನ ಹಿಮ್ಮುಖವಾಗಿ ಚಲಿಸಿ ತಾಗಿ ಹಾನಿಯಾಗಿರುವುದನ್ನು ಒಪ್ಪಿರುತ್ತೇನೆ. ಬಂಪರ್ ಬಿಚ್ಚಿದ ನಂತರದ ಅಂತಿಮ ಬಿಲ್ಲಿನಂತೆ ರಿಪೇರಿ ಖರ್ಚನ್ನು ಗ್ಯಾರೇಜಿಗೆ ನೇರವಾಗಿ ಪಾವತಿಸುತ್ತೇನೆ.’ ಮುಂಗಡ ಎಷ್ಟು, ಬಾಕಿ ಯಾವ ದಿನ, ಇಬ್ಬರು ಸಾಕ್ಷಿ. ಹಣ ಯುಪಿಐ ಮೂಲಕವೇ ಬರಲಿ, ಟಿಪ್ಪಣಿಯಲ್ಲಿ ಕಾರಿನ ನಂಬರ್ ಹಾಕಿಸಿ. ‘ಇನ್ನು ಮುಂದೆ ಯಾವುದೇ ಹಕ್ಕು ಇರುವುದಿಲ್ಲ’ ಎಂಬ ಸಾಲಿಗೆ ಕೊನೆಯ ರೂಪಾಯಿ ಬರುವವರೆಗೆ ಸಹಿ ಹಾಕಬೇಡಿ.

ಸರ್ವೆ_ರಿಪೋರ್ಟ್
ಅದಕ್ಕ ಇನ್ನೊಂದು ಕಾರಣ ಅದ. ನಿಮ್ಮ ವಿಮಾ ಕಂಪನಿ ನಿಮಗ ಕೊಟ್ಟಿದ್ದನ್ನ ಗುದ್ದಿದವರಿಂದ ವಸೂಲು ಮಾಡೋ ಹಕ್ಕು ಇಟ್ಕೊಂಡಿರ್ತದ. ಎಲ್ಲಾ ಹಕ್ಕು ಬಿಟ್ಟೀನಿ ಅಂತ ಸಹಿ ಮಾಡಿ, ಆಮ್ಯಾಲ ರಾಜಿ ಮುರದು ವಿಮೆಗೆ ಹೋದ್ರ ಅದೇ ಕಾಗದ ನಿಮಗ ಅಡ್ಡ ಬರ್ತದ. ಒಂದೇ ಬಂಪರಿಗೆ ಎರಡು ಕಡೆ ರೊಕ್ಕ ತಗೊಳ್ಳೋದೂ ನಡಿಯಂಗಿಲ್ಲ. ವಿಮೆ ಕೊಡದ ಆ 6,500 ಮಾತ್ರ ಎದುರಿನವರಿಂದ ಕೇಳಬಹುದು.

ಸೇಡಂ_ರೋಡ್
ಫೂಟೇಜ್ ತಗೊಂಡಾಯ್ತು, ಮೂಲ ಫೈಲ್ ಮತ್ತು ಪ್ಲೇಯರ್ ಎರಡೂ. ಡಿವಿಆರ್ ಗಡಿಯಾರ 14 ನಿಮಿಷ ಮುಂದ ಅದ, ಫೋಟೋ ಹೊಡ್ಕೊಂಡೀನಿ. ಅರ್ಜಿಗೆ ಠಾಣೆ ಸೀಲು ಬಿದ್ದದ. ನಾಳೆ ಬಂಪರ್ ಬಿಚ್ಚತಾರ, ಪಿಕಪ್ ಮಾಲೀಕರಿಗೂ ಬರ್ರಿ ಅಂತ ಹೇಳೀನಿ.

ಟಿಂಕರ್_ಕಾಕಾ
ಬಿಚ್ಚುವಾಗ ಎಡಗಡೆ ಬ್ರಾಕೆಟ್ ಕಿವಿ ನೋಡ್ರಿ. ಅಲ್ಲಿ ಬಿಳಿ ಗೆರಿ ಬಂದಿದ್ರ ಪ್ಲಾಸ್ಟಿಕ್ ಮುರಿಯೋಕ ಬಂದದ ಅಂತ, ಅಂಟು ಹಚ್ಚಿ ಹಾಕಾಕ ಬಿಡಬ್ಯಾಡ್ರಿ, ಹೊಸಾದೇ ಹಾಕಸ್ರಿ.